ಬರೆಯದೆ ಬಿಟ್ಟ ಮಂಗಳವಾರ

ಮೊದಲೇ ಹೇಳಿಬಿಡುತ್ತೇನೆ, ನಾನು ಯಾವ ಯುದ್ಧಕ್ಕೂ ಹೋದವಳಲ್ಲ. ಕಳೆದ ವರ್ಷ ಆಸ್ಪತ್ರೆಯಿಂದ ನಿವೃತ್ತಳಾದಾಗ ಇಲ್ಲಿಯ ಕನ್ನಡ ಬಳಗದವರು ಶಾಲು ಹೊದಿಸಿ, ಸೈನ್ಯದಲ್ಲಿ ಸೇವೆ ಸಲ್ಲಿಸಿದ ವೀರ ವೈದ್ಯೆ ಎಂದು ಮೈಕಿನಲ್ಲಿ ಹೊಗಳಿದರು. ಕುರ್ಚಿಯಲ್ಲೇ ಮುದುಡಿ ಕೂತೆ. ನಾನು ಇದ್ದದ್ದು ಮೀಸಲು ಪಡೆಯಲ್ಲಿ. ವಾರಕ್ಕೊಂದು ಸಂಜೆ ಟೊರಾಂಟೊದ ಆರ್ಮರಿಯಲ್ಲಿ, ಅಂದರೆ ಪಡೆಯ ತರಬೇತಿ ಕಟ್ಟಡದಲ್ಲಿ, ಕವಾಯತು ಮತ್ತು ಪಾಠ, ತಿಂಗಳಿಗೊಮ್ಮೆ ಶನಿವಾರ ಭಾನುವಾರ ಕಾಡಿನಲ್ಲಿ ತರಬೇತಿ, ಬೇಸಿಗೆಯಲ್ಲಿ ಎರಡು ವಾರದ ಶಿಬಿರ. ಉಳಿದ ದಿನಗಳಲ್ಲಿ ನಾವೂ ಎಲ್ಲರಂತೆ ಸಬ್‌ವೇ ಹತ್ತಿ ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತಿದ್ದವರು.

ಸಭೆ ಮುಗಿದ ಮೇಲೆ ಹತ್ತಿರದ ಅರೋರಾ ಊರಿನಿಂದ ಬಂದಿದ್ದ ಒಬ್ಬ ಹುಡುಗಿ ಹತ್ತಿರ ಬಂದಳು. ಮೆಡಿಕಲ್ ಸ್ಕೂಲಿನಲ್ಲಿ ಮೊದಲ ವರ್ಷವಂತೆ. "ಆಂಟಿ, ನಂಗೂ ರಿಸರ್ವ್ಸ್ ಜಾಯಿನ್ ಆಗ್ಬೇಕು ಅಂತಿದೆ. ಎರಡೂ ಮ್ಯಾನೇಜ್ ಮಾಡಕ್ಕಾಗತ್ತಾ?" ಎಂದು ಕೇಳಿದಳು. ಆಗುತ್ತೆ ಎಂದೆ. ಕೈಯಲ್ಲಿ ಊಟದ ತಟ್ಟೆ ಇತ್ತು, ಹಿಂದೆ ಜನ ಕಾಯುತ್ತಿದ್ದರು. ಅಷ್ಟೇ ಹೇಳಿ ಕಳಿಸಿದ್ದು ಸರಿಯಲ್ಲವೆಂದು ಮನೆಗೆ ಬಂದ ಮೇಲೆ ಅನ್ನಿಸಿತು. ಅವಳಿಗೆ ಹೇಳಬೇಕಾಗಿದ್ದ ಉಳಿದದ್ದನ್ನು, ಅವಳಂತೆ ಈ ದಾರಿಗೆ ಬರುವ ಎಲ್ಲರಿಗೂ ಆಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ಫಿಟ್ಟರ್ ಆಗಿದ್ದವರು. ನನಗೆ ಹತ್ತು ವರ್ಷವಾಗಿದ್ದಾಗ ನಾವು ಟೊರಾಂಟೊದ ನಾರ್ತ್ ಯಾರ್ಕಿಗೆ ಬಂದೆವು. ಅಪ್ಪ ಕಾರ್ಖಾನೆ ಸೇರಿದರು, ಅವ್ವ ಒಂದು ನರ್ಸಿಂಗ್ ಹೋಮಿನ ಅಡುಗೆಮನೆ ಸೇರಿದಳು. ಯೂನಿವರ್ಸಿಟಿಯ ಎರಡನೇ ವರ್ಷದಲ್ಲಿ ನಾನು ಮೀಸಲು ಪಡೆಯ ವೈದ್ಯಕೀಯ ದಳಕ್ಕೆ ಸೇರಿದೆ. ದೇಶಭಕ್ತಿ ಗೀಶಭಕ್ತಿ ಏನೂ ಅಲ್ಲ. ಮೆಡಿಕಲ್ ಸೀಟು ಸಿಗಲು ಅನುಭವ ಬೇಕಿತ್ತು, ಬ್ಯಾಂಡೇಜು ಕಟ್ಟುವುದನ್ನು ಕಲಿಸುತ್ತೇವೆಂದು ಅವರು ಹೇಳಿದರು. ಅಪ್ಪ ಒಂದು ವಾರ ಮಾತು ಬಿಟ್ಟರು. ಆಮೇಲೆ ನನ್ನ ಬೂಟು ಹೊಳೆಯುತ್ತಿಲ್ಲವೆಂದು ತಾವೇ ಪಾಲಿಶ್ ಮಾಡಲು ಕೂತರು. ಸೀಟು ಸಿಕ್ಕಿತು. ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಅಷ್ಟರಲ್ಲಿ ಆ ಜನ ನನಗೆ ಹತ್ತಿರದವರಾಗಿದ್ದರು.

ಎರಡು ಕಡೆ ಕಾಲಿಟ್ಟವಳಿಗೆ ಆಗುವ ಫಜೀತಿ ಒಂದಲ್ಲ ಎರಡಲ್ಲ. ಒಮ್ಮೆ ಭಾನುವಾರ ಸಂಜೆ ತರಬೇತಿಯಿಂದ ಮರಳಿ, ಸೋಮವಾರ ಬೆಳಿಗ್ಗೆ ವಾರ್ಡ್ ರೌಂಡ್ಸಿಗೆ ಓಡಿದೆ. ಮುಖಕ್ಕೆ ಬಳಿದಿದ್ದ ಹಸಿರು ಬಣ್ಣವನ್ನು ತೊಳೆದಿದ್ದೆ, ಕಿವಿಯ ಹಿಂದೆ ತೊಳೆದಿರಲಿಲ್ಲ. ಬಗ್ಗಿ ಸ್ಟೆತಾಸ್ಕೋಪ್ ಇಡುವಾಗ ಹಾಸಿಗೆಯಲ್ಲಿದ್ದ ಮುದುಕಿ ನನ್ನ ಕಿವಿ ನೋಡಿ, ಈ ಹುಡುಗಿಯನ್ನು ಮೊದಲು ಯಾರಾದರೂ ಪರೀಕ್ಷೆ ಮಾಡಿ ಎಂದು ನಮ್ಮ ಹಿರಿಯ ಡಾಕ್ಟರಿಗೆ ಹೇಳಿದಳು. ಅವರು ನಗಲಿಲ್ಲ. ಇಲ್ಲಿಗೆ ಬರುವಾಗ ಪೂರ್ತಿಯಾಗಿ ಬಾ ಎಂದರು. ಆ ಮಾತು ಬಹಳ ದಿನ ಚುಚ್ಚುತ್ತಿತ್ತು, ಏಕೆಂದರೆ ಅದು ನಿಜವಾಗಿತ್ತು.

ಆರ್ಮರಿಯಲ್ಲಿ ನನ್ನ ಗುರು ಸಾರ್ಜೆಂಟ್ ಡಾನೆಲಿ. ವಾರವೆಲ್ಲ ನಗರದ ಬಸ್ಸು ಓಡಿಸುತ್ತಿದ್ದರು, ನಮ್ಮ ಸಂಜೆ ಬಂದಾಗ ಅದೇ ದನಿಯಲ್ಲಿ ನಮ್ಮನ್ನೂ ಓಡಿಸುತ್ತಿದ್ದರು. ರಕ್ತ ಎಷ್ಟೇ ಹರಿಯಲಿ, ಕೈಕಾಲಿಗೆ ಬಿಗಿಪಟ್ಟಿ ಕಟ್ಟುವುದು ಕಟ್ಟಕಡೆಯ ದಾರಿ ಎಂದು ಅವರು ನೂರು ಸಲ ಹೇಳಿಕೊಟ್ಟಿದ್ದರು. ಮುಂದೆ ಯುದ್ಧಭೂಮಿಯಿಂದ ಬಂದ ಅನುಭವದ ಮೇಲೆ ಆ ಪಾಠ ತಲೆಕೆಳಗಾಯಿತು. ಈಗ ಮೊದಲು ಕಟ್ಟು, ಆಮೇಲೆ ಉಳಿದದ್ದು. ಆದರೆ ಅವರ ಇನ್ನೊಂದು ಪಾಠ ಮಾತ್ರ ಬದಲಾಗಲಿಲ್ಲ. ಶಿಬಿರದಲ್ಲಿ ಯಾರೇ ಏನೇ ನೋವೆಂದು ಬಂದರೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಕಾಲಿನ ಗುಳ್ಳೆಯಾದರೂ ಸರಿ, ಹೆಸರು, ಹೊತ್ತು, ಏನಾಯಿತು, ಏನು ಕೊಟ್ಟೆ. ಪುಸ್ತಕಕ್ಕೆ ದಾರ ಕಟ್ಟಿ ಪೆನ್ಸಿಲು ತೂಗುಬಿಟ್ಟಿದ್ದರು.

ಆ ಪುಸ್ತಕವನ್ನು ಕಂಡರೆ ಸೈನಿಕರಿಗೆ ಆಗುತ್ತಿರಲಿಲ್ಲ. ಅದರಲ್ಲಿ ಹೆಸರು ಬಂದರೆ ಚೀಟಿ ಸಿಗುತ್ತದೆ. ಇಷ್ಟು ದಿನ ಓಡಬಾರದು, ಭಾರ ಹೊರಬಾರದು ಎಂಬ ಚೀಟಿ. ಚೀಟಿ ಇದ್ದವನನ್ನು ವಿದೇಶದ ಕಾರ್ಯಾಚರಣೆಗೆ ಆರಿಸುವುದಿಲ್ಲ. ಹಾಗಾಗಿ ಉಳುಕಿದ ಕಾಲನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡು ನಡೆಯುವವರೇ ಹೆಚ್ಚು. ನಮ್ಮ ಮನೆಗಳಲ್ಲೂ ಇದೇ ಅಭ್ಯಾಸವಲ್ಲವೇ? ಊರಿಗೆ ಫೋನ್ ಮಾಡಿದರೆ ಎಲ್ಲರೂ ಆರಾಮ. ಇಲ್ಲಿಂದಲೂ ಆರಾಮ, ಅಲ್ಲಿಂದಲೂ ಆರಾಮ, ಮಧ್ಯೆ ಯಾರದೋ ಆಪರೇಷನ್ ಆಗಿ ಆರು ತಿಂಗಳಾಗಿರುತ್ತದೆ.

ದಿನೇಶ ನನಗೆ ಪರಿಚಯವಾದದ್ದು ನಾನು ಮೆಡಿಕಲಿನ ಮೂರನೇ ವರ್ಷದಲ್ಲಿದ್ದಾಗ. ಉಡುಪಿ ಕಡೆಯ ತುಳು ಮನೆತನ, ಏಳನೇ ತರಗತಿಯವರೆಗೆ ಅಲ್ಲೇ ಕನ್ನಡ ಶಾಲೆಯಲ್ಲಿ ಓದಿದವನು, ಆಗ ಪಕ್ಕದೂರು ಮಿಸಿಸಾಗಾದಲ್ಲಿ ಮನೆ. ಅವನು ಕಾಲಾಳು ದಳದವನು, ನಮ್ಮ ಆರ್ಮರಿಯಲ್ಲೇ ಕವಾಯತು. ಹಗಲಿಗೆ ಒಂದು ಡೆಂಟಲ್ ಲ್ಯಾಬಿನಲ್ಲಿ ಮೇಣದಲ್ಲಿ ಹಲ್ಲು ಕೆತ್ತುವ ಕೆಲಸ. ಕೂದಲೆಳೆಯಷ್ಟು ಗೆರೆಯನ್ನೂ ಕೈ ನಡುಗದೆ ಎಳೆಯುತ್ತಿದ್ದ. ನನ್ನ ಎದೆಯ ಮೇಲಿನ ಪಾಟೀಲ್ ಎಂಬ ಹೆಸರಿನ ಪಟ್ಟಿ ನೋಡಿ, "ನೀವು ಕನ್ನಡವಾ?" ಎಂದು ಕೇಳಿದ. ಅಂದಿನಿಂದ ನಾನು ನೀಲಕ್ಕ, ಅವನ ತಾಯಿಯ ಕೈ ಊಟಕ್ಕೆ ಅವರ ಮನೆಗೂ ಹೋಗಿಬರುತ್ತಿದ್ದೆ. ಅವನ ಕನ್ನಡ ಕೇಳಿ ನಾನು ನಗುತ್ತಿದ್ದೆ, ನನ್ನ ಹುಬ್ಬಳ್ಳಿ ಮಾತು ಕೇಳಿ ಜಗಳಕ್ಕೆ ನಿಂತ ಹಾಗೆ ಕೇಳುತ್ತದೆ ಎನ್ನುತ್ತಿದ್ದ. ನೂರಾರು ಜನರ ನಡುವೆ ನಮ್ಮಿಬ್ಬರಿಗೇ ತಿಳಿಯುವ ಮಾತು ಎಂಬುದೇ ಒಂದು ಸುಖವಾಗಿತ್ತು.

ಆ ಬೇಸಿಗೆಯಲ್ಲಿ ನನಗೆ ಸಿಕ್ಕಿದ್ದ ಎರಡೇ ವಾರದ ರಜೆಯನ್ನು ಶಿಬಿರಕ್ಕೆ ಕೊಟ್ಟಿದ್ದೆ. ಮಂಗಳವಾರ ಮಧ್ಯಾಹ್ನ ವಿಪರೀತ ಸೆಕೆ. ಓಟದ ತರಬೇತಿ ಮುಗಿದ ಮೇಲೆ ದಿನೇಶ ನಮ್ಮ ಡೇರೆಯ ಹಿಂಬದಿಯಿಂದ ಬಂದ. ಮುಂದಿನಿಂದ ಬರಲಿಲ್ಲ, ಅಲ್ಲಿ ಪುಸ್ತಕದ ಮೇಜಿತ್ತು. ಮುಖ ಬಿಳಿಚಿತ್ತು, ಎರಡು ಸಲ ವಾಂತಿಯಾಗಿತ್ತು, ಅಂಥ ಬಿಸಿಲಿನಲ್ಲೂ ಮೈ ನಡುಗುತ್ತಿತ್ತು.

"ನೀಲಕ್ಕ, ಸ್ವಲ್ಪ ತಲೆ ತಿರುಗ್ತಾ ಉಂಟು. ನೀರು ಕೊಡಿ ಸಾಕು," ಎಂದ.

ನೆರಳಿನಲ್ಲಿ ಮಲಗಿಸಿ, ಅಂಗಿ ಬಿಚ್ಚಿಸಿ, ಒದ್ದೆ ಬಟ್ಟೆ ಹಾಕಿ ನೀರು ಕುಡಿಸಿದೆ. ಒಂದು ಗಂಟೆಯಲ್ಲಿ ಚೇತರಿಸಿಕೊಂಡ. ನಾನು ಪುಸ್ತಕ ತರಲು ಎದ್ದೆ.

"ಅದು ಬೇಡ ಅಕ್ಕಾ. ಬರೀಬೇಡಿ ಆಯ್ತಾ. ಮುಂದಿನ ವಾರ ಹೊರದೇಶಕ್ಕೆ ಹೋಗುವವರ ಲಿಸ್ಟ್ ಮಾಡ್ತಾರೆ. ಈಗ ಚೀಟಿ ಸಿಕ್ಕಿದ್ರೆ ನನ್ನ ಹೆಸರು ಹೋಯ್ತು. ನಿಮ್ಮತ್ರ ಅಂತ ಹೇಳಿದ್ದು ನಾನು."

"ಗುರುವಾರ ಮಾರ್ಚ್ ಐತಲ್ಲೋ. ಭಾರ ಹೊತ್ತು ಹದಿಮೂರು ಕಿಲೋಮೀಟರ್ ನಡೀಬೇಕು."

"ಎರಡು ದಿನ ಉಂಟಲ್ಲ. ಎಂತ ಆಗುದಿಲ್ಲ."

ಒಮ್ಮೆ ಬಿಸಿಲಿಗೆ ಹೀಗೆ ಬಿದ್ದ ದೇಹ ಕೆಲವು ದಿನ ಶಾಖವನ್ನು ತಾಳದು ಎಂದು ನನಗೆ ಗೊತ್ತಿತ್ತು. ನನ್ನ ಚೀಲದಲ್ಲೇ ಇದ್ದ ಮೆಡಿಕಲ್ ಪಠ್ಯಪುಸ್ತಕದಲ್ಲಿ ಆ ಪಾಠವಿತ್ತು, ಅದರ ಮೇಲೆ ಪರೀಕ್ಷೆ ಬರೆದಿದ್ದೆ. ಅದೇ ಮಾತನ್ನು ಬೇರೆ ಯಾವ ಸೈನಿಕ ಇಂಗ್ಲಿಷಿನಲ್ಲಿ ಹೇಳಿದ್ದರೂ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಅವನು ಕನ್ನಡದಲ್ಲಿ ಹೇಳಿದ, ಅಕ್ಕಾ ಎಂದ. ಕನ್ನಡದಲ್ಲಿ ಹೇಳಿದ್ದೆಲ್ಲ ನನಗೆ ಮನೆಯ ಮಾತಾಗಿತ್ತು, ಮನೆಯ ಮಾತನ್ನು ಹೊರಗಿನವರ ಪುಸ್ತಕಕ್ಕೆ ಹಾಕುವುದು ಚಾಡಿ ಹೇಳಿದಂತೆ ಅನ್ನಿಸಿತು. ಬರೆಯಲಿಲ್ಲ.

ಗುರುವಾರ ಬೆಳಿಗ್ಗೆ ಮಾರ್ಚಿಗೆ ಮೊದಲು ಸಾರ್ಜೆಂಟ್ ಡಾನೆಲಿ ಪದ್ಧತಿಯಂತೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಯಾರನ್ನಾದರೂ ತಡೆಯಬೇಕಾ? ಕಾರ್ಪೊರಲ್ ಪಾಟೀಲ್?"

"ಯಾರೂ ಇಲ್ಲ, ಸಾರ್ಜೆಂಟ್."

ಅವರು ಕಾಗದಕ್ಕೆ ಸಹಿ ಹಾಕಿದರು.

ಒಂಬತ್ತನೇ ಕಿಲೋಮೀಟರಿನಲ್ಲಿ ದಿನೇಶ ಬಿದ್ದ. ನಾನು ಓಡಿ ತಲುಪುವಾಗ ಏನೇನೋ ತೊದಲುತ್ತಿದ್ದ, ಕಣ್ಣು ತೆರೆದಿತ್ತು ಆದರೆ ನನ್ನನ್ನು ಗುರುತಿಸಲಿಲ್ಲ. ಮೈ ಕೆಂಡ. ಒಳಗಿನ ತಾಪ ನಲವತ್ತೊಂದು ಡಿಗ್ರಿ ದಾಟಿತ್ತು. ಏನು ಹೇಳುತ್ತಿದ್ದಾನೆ ಎಂದು ಸಾರ್ಜೆಂಟ್ ನನ್ನನ್ನು ಕೇಳಿದರು. ಅವನು ತುಳುವಿನಲ್ಲಿ ಮಾತಾಡುತ್ತಿದ್ದ. ನನಗೆ ತುಳು ಬರುವುದಿಲ್ಲ. ಅದು ನನ್ನ ಭಾಷೆಯಲ್ಲ ಎಂದು ಹೇಳಬೇಕಾಯಿತು. ಆಗಿನ ಪದ್ಧತಿಯಂತೆ ಬಟ್ಟೆ ಬಿಚ್ಚಿ, ಕಂಕುಳಿಗೆ ತೊಡೆಸಂದಿಗೆ ಐಸ್ ಇಟ್ಟು, ಡ್ರಿಪ್ ಹಾಕಿ, ಆಂಬುಲೆನ್ಸಿಗೆ ಏರಿಸಿ ಆಸ್ಪತ್ರೆಗೆ ಓಡಿದೆವು. ಮುಕ್ಕಾಲು ಗಂಟೆಯ ದಾರಿ. ಈಗಿನವರು ಹಾಗೆ ಮಾಡುವುದಿಲ್ಲ. ಬಿದ್ದಲ್ಲೇ ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ತಾಪ ಇಳಿದ ಮೇಲೆ ಮಾತ್ರ ಗಾಡಿ ಹೊರಡುತ್ತದೆ. ನೀವು ಈ ಕೆಲಸಕ್ಕೆ ಬಂದರೆ ಆ ತೊಟ್ಟಿಯನ್ನು ಮಾರ್ಚಿಗೆ ಮೊದಲೇ ತುಂಬಿಸಿಡಿ.

ಅವನು ಬದುಕಿದ. ಕೆಟ್ಟಿದ್ದ ಮೂತ್ರಪಿಂಡ ಮೂರು ವಾರದಲ್ಲಿ ಸರಿಹೋಯಿತು. ಸರಿಹೋಗದೆ ಉಳಿದದ್ದು ಹಿಮ್ಮೆದುಳು. ಅತಿ ಶಾಖವಾದರೆ ಮೊದಲು ಸುಡುವ ಭಾಗ ಅದೇ. ನಡಿಗೆ ಓಲಾಡತೊಡಗಿತು, ಮಾತು ಎಳೆಯತೊಡಗಿತು, ಲೋಟ ಹಿಡಿದರೆ ನೀರು ಚೆಲ್ಲುವಷ್ಟು ಕೈ ನಡುಕ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ತಾಯಿ ನನ್ನ ಕೈ ಹಿಡಿದುಕೊಂಡು, "ನೀವು ಇದ್ರಿ ಅಂತ ನನಗೆ ಧೈರ್ಯ ಇತ್ತು ನೀಲಾ," ಎಂದರು. ನಾನು ಕೈ ಬಿಡಿಸಿಕೊಳ್ಳಲಾಗದೆ ನಿಂತಿದ್ದೆ.

ಪಡೆಯ ವಿಚಾರಣೆ ಸೆಪ್ಟೆಂಬರಿನಲ್ಲಿ ಎಂದಾಯಿತು. ಮೊದಲೇ ಏನಾದರೂ ಲಕ್ಷಣ ಇತ್ತೇ, ಇದ್ದರೆ ಯಾರಿಗೆ ಗೊತ್ತಿತ್ತು ಎಂಬುದೇ ಪ್ರಶ್ನೆ. ಯಾರಿಗೂ ಹೇಳಿರಲಿಲ್ಲ ಎಂದು ದಿನೇಶ ಹಾಸಿಗೆಯಿಂದಲೇ ಹೇಳಿಕೆ ಕೊಟ್ಟಿದ್ದ. ಅವನು ನನ್ನನ್ನು ಕಾಪಾಡಿದ್ದ. ಹಾಗಾದರೆ ಉಳಿದದ್ದು ಸಾರ್ಜೆಂಟರ ಸಹಿ ಒಂದೇ. ಸರಿಯಾಗಿ ನೋಡದೆ ಮಾರ್ಚಿಗೆ ಬಿಟ್ಟರು ಎಂಬ ಮಾತು ಆರ್ಮರಿಯಲ್ಲಿ ಆಗಲೇ ಎದ್ದಿತ್ತು. ನಾನು ನಿಜ ಹೇಳಿದರೆ ಸುದ್ದಿ ಮೆಡಿಕಲ್ ಸ್ಕೂಲಿಗೂ ಹೋಗುತ್ತದೆ, ಡಾಕ್ಟರಾಗುವುದೇ ಅನುಮಾನ. ಹೇಳದಿದ್ದರೆ ಅವರ ಇಪ್ಪತ್ತು ವರ್ಷದ ಸೇವೆ ನನ್ನ ಸುಳ್ಳಿನ ಕೆಳಗೆ ಹೂತುಹೋಗುತ್ತದೆ.

ಮನೆಯಲ್ಲಿ ಹೇಳಿದೆ. ಮೊದಲು ಮಾತಾಡಿದ್ದು ಅಪ್ಪ.

"ಸುಮ್ನಿರು ನೀಲವ್ವಾ. ಹುಡುಗನ ಹೇಳಿಲ್ಲ ಅಂದಮ್ಯಾಲೆ ನೀ ಯಾಕ ಬಾಯಿ ತಗೀತಿ? ಇನ್ನ ಒಂದ ವರ್ಷ ಉಳದೈತಿ."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ತಟ್ಟುತ್ತಲೇ ಕೇಳಿದಳು, "ಆ ಸಾರ್ಜೆಂಟಗ ಮಕ್ಕಳದಾವೇನು?"

"ಇಬ್ರದಾರ."

"ಅವು ಅಪ್ಪನ್ನ ಏನಂತ ತಿಳಕೋತಾವ?"

ಅಪ್ಪ ಎದ್ದು ಬಾಲ್ಕನಿಗೆ ಹೋದರು.

ವಿಚಾರಣೆಯ ಮೇಜರ್ ಮೆದು ದನಿಯ ಮನುಷ್ಯ. ನಾನು ಮಂಗಳವಾರದ್ದನ್ನೂ ಗುರುವಾರ ಬೆಳಿಗ್ಗೆಯ ನನ್ನ ಉತ್ತರವನ್ನೂ ಹೇಳಿ ಮುಗಿಸಿದ ಮೇಲೆ, ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಅವನು ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದ ಎಂದೆ. ಅದರ ಅರ್ಥ ಕೇಳಿ ಅದನ್ನೂ ಬರೆದುಕೊಂಡರು. ಬರೆದ ಮೇಲೆ ನೋಡಿದರೆ ಅದು ಕಾರಣದ ಹಾಗೆ ಕಾಣಲೇ ಇಲ್ಲ. ನನ್ನ ತೋಳಿನ ಕಾರ್ಪೊರಲ್ ಪಟ್ಟಿ ಕಿತ್ತು ಮತ್ತೆ ಸಾಮಾನ್ಯ ಸೈನಿಕಳನ್ನಾಗಿ ಮಾಡಿದರು. ಮೆಡಿಕಲ್ ಸ್ಕೂಲಿಗೆ ನಾನೇ ಹೋಗಿ ಹೇಳಿದೆ. ಮೂರು ಸಮಿತಿಗಳ ಮುಂದೆ ಕೂತೆ. ಒಂದು ವರ್ಷ ತಡವಾಗಿ ಡಾಕ್ಟರಾದೆ.

ವಿಚಾರಣೆ ಮುಗಿದ ದಿನ ಸಾರ್ಜೆಂಟ್ ಡಾನೆಲಿ ಹೊರಗೆ ನಿಂತಿದ್ದರು. ಕ್ಷಮೆ ಕೇಳಲು ಹೋದೆ.

"ಇವತ್ತು ನೀನು ಹೇಳಿದ್ದು ನನಗೆ ಉಪಯೋಗವಾಯಿತು. ಮಂಗಳವಾರ ಹೇಳಿದ್ದರೆ ಅವನಿಗೆ ಆಗುತ್ತಿತ್ತು," ಎಂದರು. ಕೋಪವಿರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅದೇ ವರ್ಷ ಅವರು ಪಡೆ ಬಿಟ್ಟರು. ಒಮ್ಮೆ ಯಂಗ್ ಸ್ಟ್ರೀಟಿನಲ್ಲಿ ಅವರ ಬಸ್ಸು ಬಂತು, ನಾನು ಹತ್ತದೆ ಮುಂದಿನದಕ್ಕೆ ಕಾದೆ.

ದಿನೇಶನಿಗೆ ತಿಳಿದಾಗ ಅವನು ಫೋನ್ ಮಾಡಿದ. ಎಳೆದೆಳೆದು ಮಾತಾಡಿದ. "ನಾನು ಅಕ್ಕನತ್ರ ಹೇಳಿದ್ದು. ಡಾಕ್ಟ್ರತ್ರ ಅಲ್ಲ. ಇನ್ನು ನೀವು ಮನೆಗೆ ಬರ್ಬೇಡಿ." ಅವನು ಸುಳ್ಳು ಹೇಳಿದನೆಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಕೈಯ ಹಿಡಿತ ಹೋಗಿತ್ತು, ಉಳಿದಿದ್ದ ಮರ್ಯಾದೆಯನ್ನೂ ನಾನು ತೆಗೆದಿದ್ದೆ. ಮತ್ತೆ ದಶಕಗಟ್ಟಲೆ ನಾವು ಮಾತಾಡಲಿಲ್ಲ.

ನಾನು ಪಡೆ ಬಿಡಲಿಲ್ಲ. ಬಿಟ್ಟರೆ ಓಡಿಹೋದಂತೆ ಅನ್ನಿಸುತ್ತಿತ್ತು. ರೆಸಿಡೆನ್ಸಿಯ, ಅಂದರೆ ಡಾಕ್ಟರಾದ ಮೇಲಿನ ಆಸ್ಪತ್ರೆ ತರಬೇತಿಯ, ವರ್ಷಗಳು ಬಂದವು. ನಿನ್ನ ಹವ್ಯಾಸಕ್ಕಾಗಿ ನನ್ನ ಡ್ಯೂಟಿ ರೋಸ್ಟರ್ ಬದಲಿಸುವುದಿಲ್ಲ ಎಂದು ವಿಭಾಗದ ಮುಖ್ಯಸ್ಥೆ ಮೊದಲ ದಿನವೇ ಹೇಳಿದರು. ತಿಂಗಳಿಗೊಂದು ವಾರಾಂತ್ಯಕ್ಕಾಗಿ ಸಹೋದ್ಯೋಗಿಗಳ ಎಲ್ಲ ಕ್ರಿಸ್ಮಸ್ ಡ್ಯೂಟಿಗಳನ್ನೂ ನಾನು ಮಾಡಿಕೊಟ್ಟೆ. ಇದು ನಿಮಗೂ ಬರುತ್ತದೆ, ತಯಾರಿರಿ. ನಿದ್ದೆಗೆಟ್ಟು ಶಿಬಿರಕ್ಕೆ ಹೋಗಬೇಡಿ, ಶಿಬಿರದ ಆಯಾಸವನ್ನು ರೋಗಿಯ ಬಳಿಗೆ ತರಬೇಡಿ. ಒಂದು ಕಡೆ ಅರ್ಧ, ಇನ್ನೊಂದು ಕಡೆ ಅರ್ಧ ಇರುವವಳಿಗಿಂತ ಇಲ್ಲದವಳೇ ವಾಸಿ.

ಆ ದಿನಗಳಲ್ಲೇ ಎಮರ್ಜೆನ್ಸಿಗೆ ಬೆಳಗಾವಿ ಕಡೆಯ ಒಬ್ಬ ಅಜ್ಜಿ ಬಂದರು. ಹೊಟ್ಟೆ ಸರಿಯಿಲ್ಲವೆಂದು ಮಗ ಕರೆತಂದಿದ್ದ. ಅವನು ಕಾರು ನಿಲ್ಲಿಸಲು ಹೋದಾಗ ಅಜ್ಜಿ ನನ್ನ ಹೆಸರು ಕೇಳಿ ಹತ್ತಿರ ಕರೆದರು.

"ನಮ್ಮಾಕಿ ಇದ್ದಿ ಅಂತ ಹೇಳ್ತೇನಿ. ಮೂರ ದಿವಸದಿಂದ ಎದಿ ಹಿಡಕೊಂಡೈತಿ. ಯಾರ ಮುಂದೂ ಅನ್ನಬ್ಯಾಡ."

"ಮಗಗ ಹೇಳೂದು ಬಿಡೂದು ನಿಮಗ ಬಿಟ್ಟದ್ದು ಅಜ್ಜೀ. ಆದ್ರ ನಾ ಇದನ್ನ ಬರೀತೇನ್ರಿ," ಎಂದು ಅವರ ಎದುರಿಗೇ ಬರೆದೆ. ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡರು. ಹೃದಯಾಘಾತವೇ ಆಗಿತ್ತು. ಹುಷಾರಾಗಿ ಮನೆಗೆ ಹೋಗುವ ದಿನವೂ ಅವರು ನನ್ನೊಡನೆ ಮಾತಾಡಲಿಲ್ಲ. ನನಗೆ ಅಳು ಬಂತು, ಆದರೆ ಅದರಲ್ಲಿ ಸಮಾಧಾನವೇ ಹೆಚ್ಚಿತ್ತು.

ಮುಂದೆ ಅದೇ ಆರ್ಮರಿಗೆ ವೈದ್ಯಾಧಿಕಾರಿಯಾಗಿ ಹೋದಾಗ ಒಂದು ರೂಢಿ ಮಾಡಿಕೊಂಡೆ. ಯಾರೇ ಬಂದು ಕೂತರೂ ಬಾಯಿ ತೆರೆಯುವ ಮೊದಲೇ, ನೀನು ಹೇಳಿದ್ದನ್ನು ನಾನು ಬರೆಯುತ್ತೇನೆ ಎಂದು ಹೇಳಿಬಿಡುವುದು. ಹೆಚ್ಚಿನವರು ಹೇಳುತ್ತಿದ್ದರು. ಕೆಲವರು, ಏನಿಲ್ಲ ಮೇಡಂ ಎಂದು ಎದ್ದು ಹೋಗುತ್ತಿದ್ದರು. ಎದ್ದು ಹೋದವರ ಹೆಸರನ್ನು ಅವರ ಸಾರ್ಜೆಂಟಿಗೆ ಹೇಳಿ ಕಣ್ಣಿಡಲು ಕೇಳುತ್ತಿದ್ದೆ. ಅವರಲ್ಲಿ ಯಾರು ಎಲ್ಲಿ ನೋವು ನುಂಗಿಕೊಂಡರೋ, ಆ ಲೆಕ್ಕ ನನ್ನ ಬಳಿ ಇಲ್ಲ. ಇದೇ ಸರಿಯಾದ ದಾರಿ ಎಂದು ಎದೆ ತಟ್ಟಿ ಹೇಳುವುದಿಲ್ಲ. ನನಗೆ ಬೇರೆ ದಾರಿ ಉಳಿದಿರಲಿಲ್ಲ.

ನಿಮ್ಮನ್ನೂ ಅಕ್ಕ, ಅಣ್ಣ ಎಂದು ಕರೆಯುವವರು ಬರುತ್ತಾರೆ. ನಮ್ಮ ಭಾಷೆಯಲ್ಲೇ ಬರುತ್ತಾರೆ. ಅವರ ಪ್ರೀತಿಯನ್ನು ಕಳೆದುಕೊಳ್ಳುವ ಧೈರ್ಯವಿದ್ದರೆ ಮಾತ್ರ ಈ ಸಮವಸ್ತ್ರ ಹಾಕಿ. ಇದನ್ನು ಆ ಅರೋರಾದ ಹುಡುಗಿಗೆ ಅಂದೇ ಹೇಳಬೇಕಿತ್ತು.

ಈ ಬೇಸಿಗೆಯಲ್ಲಿ ದಿನೇಶನಿಂದ ಫೋನ್ ಬಂತು. ನಾನು ನಿವೃತ್ತಳಾದದ್ದು ಯಾರಿಂದಲೋ ತಿಳಿದಿತ್ತಂತೆ. ಮಿಸಿಸಾಗಾದ ಪೋರ್ಟ್ ಕ್ರೆಡಿಟ್‌ನಲ್ಲಿ ಸರೋವರದ ದಂಡೆಯ ಹಾದಿಯಲ್ಲಿ ಸಿಕ್ಕೆವು. ಐವತ್ತು ದಾಟಿದ ಮನುಷ್ಯ, ತಲೆ ನರೆತಿತ್ತು, ಕೈಯಲ್ಲಿ ಕೋಲು. ಹತ್ತು ಹೆಜ್ಜೆಗೊಮ್ಮೆ ನಿಂತು ಸಾವರಿಸಿಕೊಳ್ಳುತ್ತಿದ್ದ. ಅವನ ತಾಯಿ ತೀರಿಕೊಂಡದ್ದು, ಅವನ ಹೆಂಡತಿ, ಸ್ಪೀಚ್ ಥೆರಪಿ, ಹೀಗೆ ಏನೇನೋ ಮಾತಾಡಿದೆವು. ಬೆಂಚಿನ ಮೇಲೆ ಕೂತು ಕೋಲನ್ನು ಪಕ್ಕಕ್ಕೆ ಒರಗಿಸಿದ.

"ಒಂದು ವಿಷಯ ಹೇಳ್ಬೇಕು ಅಂತಲೇ ಬಂದದ್ದು," ಎಂದ. "ಅವತ್ತು ಮಂಗಳವಾರ ನೀವು ಬರೆದಿದ್ರೂ ನಾನು ನಿಮ್ಮತ್ರ ಮಾತು ಬಿಡ್ತಿದ್ದೆ. ಜನ್ಮಕ್ಕೆ ಮಾತಾಡ್ತಿರ್ಲಿಲ್ಲ."

"ಗೊತ್ತೈತಿ ದಿನೇಶಾ," ಎಂದೆ. "ಮಾತು ಬಿಟ್ಟು ನೀ ನೆಟ್ಟಗ ನಡಕೊಂಡು ಹೋಗತಿದ್ದಿ. ನಾ ದೂರ ನಿಂತು ನೋಡತಿದ್ದೆ. ಅಷ್ಟ ಸಾಕಿತ್ತು ನನಗ."

ಅವನು ಕೋಲು ಊರಿ ಎದ್ದು ನಿಂತ. ಮುಂದೆ ನಾಲ್ಕು ಮೆಟ್ಟಿಲು ಇಳಿಯಬೇಕಿತ್ತು.

"ಕೈ ಹಿಡೀರಿ ಅಕ್ಕಾ," ಎಂದ.